ಪಂಪಿನ ಹಿಂದಿನ ದನಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಚಳಿಗಾಲದಲ್ಲೇ, ಮಿನಿಯಾಪೊಲಿಸ್‌ನಲ್ಲಿ ಮೂರು ತಿಂಗಳ ಕೂಸಿನ ಹೃದಯ ನಿಲ್ಲಿಸಿ ಹೊಲಿಯುತ್ತಿದ್ದರು. ಅದರ ರಕ್ತ ಓಡಿಸುವ ಪಂಪು ನನ್ನ ಕೈಯಲ್ಲಿತ್ತು. ಹೃದಯ ಗಟ್ಟಿಯಾಗುವವರೆಗೆ ಪಂಪು ನಿಲ್ಲಿಸುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದೆ. ಆರು ಗಂಟೆ ಕಳೆದು ಕಣ್ಣು ಎಳೆಯುತ್ತಿತ್ತು.

ಕೊನೆಗೆ ಹೃದಯ ಬಡಿಯಿತು.

"ಪಂಪ್ ನಿಲ್ಸಮ್ಮ ಗ್ರೆಟಾ, ಮನೆಗೆ ಹೋಗೋಣ," ಎಂದರು ಸರ್ಜನ್ ಹಾಲ್ವರ್ಸನ್. ಅವರು ಹೇಳಿದ್ದನ್ನು ನಾನು ಗಟ್ಟಿಯಾಗಿ ಮರಳಿ ಹೇಳಿಯೇ ನಿಲ್ಲಿಸುವುದು ನಮ್ಮ ಪದ್ಧತಿ. ಅಷ್ಟರಲ್ಲಿ ಕತ್ತಿನ ಮೇಲೆ ತಣ್ಣನೆಯ ಉಸಿರು ಬಿತ್ತು.

"ಬೇಡ, ಇನ್ನೂ ಹತ್ತು ನಿಮಿಷ," ಎಂದಿತು ಬೆನ್ನ ಹಿಂದಿನಿಂದ ಒಂದು ದನಿ.

"ಆಯ್ತು ಕಣೇ ಮೊಂಡಿ, ನಿಂದೇ ನಡೀಲಿ," ಎಂದರು ಹಾಲ್ವರ್ಸನ್ ನನಗೆ.

ನನ್ನ ಹಿಂದೆ ಗೋಡೆಯಷ್ಟೇ ಇತ್ತು. ಆ ಹತ್ತು ನಿಮಿಷದಲ್ಲಿ ಕೂಸಿನ ಹೃದಯ ಎರಡು ಸಲ ನಿಂತು, ಆಮೇಲೆ ಹದಕ್ಕೆ ಬಂತು.

"ಬೇಡ ಅಂದಿದ್ಯಾರು ಡಾಕ್ಟ್ರೇ?"

"ನೀನೇ ಅಲ್ವಾ?"

ನಾನು ಬಾಯಿಯನ್ನೇ ತೆರೆದಿರಲಿಲ್ಲ. ಪಂಪು ನಿಲ್ಲಿಸಿದೆ. ಹೃದಯ ನಿಲ್ಲಲಿಲ್ಲ.