ಮಂಗಳವಾರದ ಆತ್ಮ

“‘ನಾನು’ ಅನ್ನೋದೇ ಇಲ್ಲ. ಮಿದುಳು ನಿಮಿಷಕ್ಕೊಂದು ಕಥೆ ಕಟ್ಟುತ್ತೆ, ಅಷ್ಟೇ. ನಿನ್ನೆಯ ನಾನು ಬೇರೆ, ಇವತ್ತಿನವನು ಬೇರೆ.”

ಕುಮಾಸಿಯ ವಿಶ್ವವಿದ್ಯಾಲಯದ ಚರ್ಚಾಕೂಟದಲ್ಲಿ ಬೋವಾಡಿ ಹೀಗೆಂದಾಗ ಹುಡುಗರು ಮೇಜು ಬಡಿದರು. ಎದುರು ಪಕ್ಷದ ಅಬೆನಾಳಿಗೆ ಮೈಯೆಲ್ಲ ಉರಿದುಹೋಯಿತು.

“ಹಾಗಾದ್ರೆ ಹುಟ್ಟಿದ ವಾರದ ಹೆಸರು ಹೊತ್ತು ದೇವರ ಹತ್ರದಿಂದ ಬರೋ ಆತ್ಮ? ನಾನು ಮಂಗಳವಾರದವಳು, ಅದಕ್ಕೇ ಅಬೆನಾ. ಅದೂ ಕಥೆನಾ?”

“ಅದು ಕ್ಯಾಲೆಂಡರ್ ಕಣೇ. ನಿಮ್ಮಮ್ಮ ಒಂದು ದಿನ ತಡ ಮಾಡಿದ್ದಿದ್ರೆ ನಿನ್ನ ಆತ್ಮ ಬುಧವಾರದ್ದಾಗ್ತಿತ್ತು.”

ಸಭೆ ಗೊಳ್ಳೆಂದು ನಕ್ಕಿತು. ನಗಲಾರದವಳು ಅವಳೊಬ್ಬಳೇ. ಇದೇ ಮಹಾಶಯ ಮೊನ್ನೆಯಷ್ಟೇ ಅವಳ ಕೈ ಹಿಡಿದು, ‘ಮಂಗಳವಾರ ಮಾವನ ಜೊತೆ ಬಂದು ನಿಮ್ಮನೆ ಬಾಗಿಲು ತಟ್ತೀನಿ’ ಎಂದಿದ್ದ. ಬಾಗಿಲು ತಟ್ಟುವುದೆಂದರೆ ಹೆಣ್ಣು ಕೇಳುವುದು.

ಮಾತು ಕೊಟ್ಟ ‘ನಾನು’ ಎಂಬುದೇ ಇಲ್ಲವೆಂದರೆ... ಆ ಮಾತನ್ನು ಉಳಿಸಿಕೊಳ್ಳುವವರು ಯಾರು?

ಮಂಗಳವಾರ ಅವಳು ಬಿಳಿ ಬಟ್ಟೆ ಉಟ್ಟು ಕೂತಳು. ಮಗಳು ಹುಟ್ಟಿದ ವಾರ, ಅವಳ ಆತ್ಮದ ದಿನವೆಂದು ಅಮ್ಮ ಯಾಮ್ ಗೆಡ್ಡೆಯನ್ನು ತಾಳೆ ಎಣ್ಣೆಯಲ್ಲಿ ಕಲಸಿ, ಮೇಲೆ ಬೇಯಿಸಿದ ಮೊಟ್ಟೆ ಇಟ್ಟು ಕೊಟ್ಟಳು. ಅವಳು ತಟ್ಟೆ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು. ಸಂಜೆಯಾದರೂ ಯಾರೂ ಬಾಗಿಲು ತಟ್ಟಲಿಲ್ಲ. ಫೋನೂ ಬರಲಿಲ್ಲ.

“ಮಾತು ಕೊಟ್ಟವನು ಹೋದ ವಾರದವನಂತೆ ಅಮ್ಮ, ಅವನು ಈಗಿಲ್ವಂತೆ,” ಎಂದು ತಟ್ಟೆ ಸರಿಸಿದಳು.

ಬುಧವಾರ ಬೆಳಿಗ್ಗೆ ಬಾಗಿಲು ಸದ್ದಾಯಿತು. ನಿಂತಿದ್ದವನು ಬೋವಾಡಿ. ಪಕ್ಕದಲ್ಲಿ ಜಿನ್ ಬಾಟಲಿ ಹಿಡಿದ ಅವನ ಸೋದರಮಾವ.

“ನಿನ್ನೆ ಎಲ್ಲಿ ಸತ್ತಿದ್ದೆ?”

“ಮಾವ ಬಿಡಲಿಲ್ಲ. ‘ಅದು ಅವಳ ಆತ್ಮದ ದಿನ, ನೆಮ್ಮದಿಯಾಗಿ ಉಣ್ಣೋ ದಿನ. ಅವತ್ತೇ ಹೋಗಿ ತಾಯಿಯಿಂದ ಕಿತ್ಕೊಂಡು ಬರೋದಾ?’ ಅಂದ್ರು.”

“ಒಂದು ಫೋನ್ ಮಾಡೋಕೂ ಆಗಲಿಲ್ವಾ?”

“ಮಾಡಿದ್ರೆ ಜಗಳ ಆಗ್ತಿತ್ತು. ಅವತ್ತು ಜಗಳಾನೂ ಕೂಡದಂತೆ.”

“ಆತ್ಮನೇ ಇಲ್ಲ ಅಂದೋನಿಗೆ ಇದೆಲ್ಲ ಯಾಕೆ?”

ಅವನು ತಲೆ ತಗ್ಗಿಸಿದ. “ಈಗಲೂ ಇಲ್ಲ ಅಂತಲೇ ಅನ್ಸುತ್ತೆ. ಆದ್ರೆ... ಅಕಸ್ಮಾತ್ ಇದ್ರೆ, ನನ್ನಿಂದ ಅದಕ್ಕೆ ನೋವಾಗೋದು ಬೇಡ ಅನ್ನಿಸ್ತು.”

ವಾರವಿಡೀ ಕೂಡಿಟ್ಟ ಸಿಟ್ಟನ್ನು ಈಗ ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಅದೂ ಒಂದು ಸಿಟ್ಟೇ ಆಯಿತು.

ಬಾಟಲಿ ತೆಗೆದುಕೊಂಡರೆ ಸಂಬಂಧ ಒಪ್ಪಿದಂತೆ. ಎಲ್ಲರೂ ಕೂತ ಮೇಲೆ ಅಮ್ಮ ಪದ್ಧತಿಯಂತೆ ಮಗಳನ್ನು ಮೂರು ಸಲ ಕೇಳಬೇಕು.

“ಬಾಟಲಿ ತಗೊಳ್ಳಲಾ ಮಗಳೇ?”

ಅಬೆನಾ ಸುಮ್ಮನಿದ್ದಳು. ಎರಡನೇ ಸಲವೂ ಸುಮ್ಮನಿದ್ದಳು. ಮಾವನ ಹಣೆ ಬೆವರಿತು.

“ನನ್ನ ಕೇಳ್ತಿರೋದು ಯಾರು, ನಿನ್ನ ಮಿದುಳಾ?” ಎಂದು ಬೋವಾಡಿಯತ್ತ ತಿರುಗಿದಳು.

“ಯಾರೋ ಗೊತ್ತಿಲ್ಲ ಅಬೆನಾ. ಅವತ್ತು ನಿನ್ನ ಕೈ ಹಿಡಿದವನೇ ಇವನು. ಅಷ್ಟು ಮಾತ್ರ ಗೊತ್ತು.”

ಅವಳ ಕಣ್ಣು ತುಂಬಿತು. ಅಮ್ಮ ಮೂರನೇ ಸಲ ಕೇಳಿದಳು.

“ತಗೋ ಅಮ್ಮ.”

ಹೊರಡುವಾಗ ಅವನ ಹಿಂದೆ ಬಾಗಿಲವರೆಗೂ ಬಂದಳು. “ನೀನು ಶನಿವಾರ ಹುಟ್ಟಿದೋನು ತಾನೆ? ಅವತ್ತು ಬಾ. ಮೊಟ್ಟೆ ನಾನು ಬೇಯಿಸ್ತೀನಿ.”

“ಚರ್ಚೆ ಬಾಕಿ ಇದೆಯಲ್ಲ?”

“ಅದನ್ನ ಭಾನುವಾರ ಆಡೋಣ.”