ನಿಂತಲ್ಲೇ ತುಳಿಯುವ ಸೈಕಲ್

ಪುತ್ತೂರಿನ ಮಾವನ ಮನೆಯ ಉಪ್ಪರಿಗೆಯಲ್ಲಿ ಹದಿನಾಲ್ಕು ವರ್ಷ ಕಳೆದ ಸರ್ವೋತ್ತಮನಿಗೆ ಅಲ್ಲಿನ ಒಂದೊಂದು ಹಲಗೆಯ ಮೇಲೂ ಸಿಟ್ಟಿತ್ತು. ಕೆಳಗೆ ಚಾವಡಿಯಲ್ಲಿ ಮಲಗಿದ ಕಿಟ್ಟಣ್ಣ ರೈಗಳಿಗೆ ಕಣ್ಣು ಕಾಣದಿದ್ದರೂ ಕಿವಿ ಬಲು ಚುರುಕು. ಮೇಲೆ ಅಳಿಯನ ಹೆಜ್ಜೆಯ ಸದ್ದು ಎರಡು ನಿಮಿಷ ನಿಂತರೆ ಸಾಕು, "ಅವ ಎಲ್ಲಿಗೆ ಹೋದ?" ಎಂದು ಮಗಳು ಪಂಕಜಾಕ್ಷಿಯನ್ನು ಕೂಗುತ್ತಿದ್ದರು.

ಈ ಯಜಮಾನಿಕೆಗೆಲ್ಲ ಕಾರಣ ಒಂದು ಕಾಗದ. ಮದುವೆಯ ಹೊಸತರಲ್ಲಿ ಸರ್ವೋತ್ತಮ ಮಾವನ ಜವಳಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈಹಾಕಿ ಸಿಕ್ಕಿಬಿದ್ದಿದ್ದ. ಮಾವ ಪೊಲೀಸಿಗೆ ಕೊಡಲಿಲ್ಲ. 'ಕದ್ದದ್ದು ನಾನೇ' ಎಂದು ಬರೆಸಿ, ರುಜು ಹಾಕಿಸಿ, ಅದನ್ನು ಬೊಳುವಾರಿನಲ್ಲಿ ಬೇರೆ ಮನೆ ಮಾಡಿದ್ದ ಮಗ ಸುಂದರನ ಕಪಾಟಿನಲ್ಲಿ ಇಡಿಸಿದರು. ಮಡಿಕೇರಿಯ ಗೆಳೆಯನೊಬ್ಬ ತನ್ನ ಹೋಟೆಲಿಗೆ ಕರೆದಾಗಲೂ ಅವರು ಬೇಡವೆನ್ನಲಿಲ್ಲ. "ಹೋಗುದಾದರೆ ಹೋಗು ಮಾರಾಯ. ಕಾಗದ ಉಂಟಲ್ಲ" ಎಂದರು. ಅದನ್ನು ಸುಡದೆ ತನಗೆ ಬಿಡುಗಡೆಯಿಲ್ಲವೆಂದು ಸರ್ವೋತ್ತಮನಿಗೆ ಅಂದೇ ಗೊತ್ತಾಯಿತು.

ದಾರಿ ತೋರಿಸಿದ್ದು ಅವನಿಗೆ ಬಂದ ಸಕ್ಕರೆ ಕಾಯಿಲೆ. ದಿನಾ ಒಂದು ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದಾಗ ಮಾವ ಒಪ್ಪಲಿಲ್ಲ.

"ಕೆಲಸ ಇಲ್ಲದೆ ರಸ್ತೆಯಲ್ಲಿ ನಡೆಯುದು ಎಂತಕ್ಕೆ? ನೋಡಿದವರು ಎಂತ ಹೇಳ್ಯಾರು? ನಿಂತಲ್ಲೇ ತುಳಿಯುವ ಸೈಕಲ್ ಉಂಟಂತೆ. ಆರುನೂರರೊಳಗೆ ಸಿಕ್ಕಿದರೆ ತಾ."

ಎಲ್ಲರೂ ಇಂಥದ್ದನ್ನು ಕಣ್ಣಿನಿಂದ ನೋಡಿ ಕೊಂಡರೆ ಸರ್ವೋತ್ತಮ ಕಿವಿಯಿಂದ ಕೇಳಿ ಕೊಳ್ಳಲು ಹೊರಟ. ಮಂಗಳೂರಿನ ಅಂಗಡಿಯದು ಸಾವಿರದ ಮುನ್ನೂರು. ಅದಕ್ಕಿಂತ ದೊಡ್ಡ ದೋಷವೆಂದರೆ ಸದ್ದೇ ಇಲ್ಲ. ಸುಳ್ಯದಲ್ಲಿ ಸಿಕ್ಕಿದ್ದು ಅಗ್ಗವಾಗಿತ್ತು, ಆದರೆ ಅದರ ಸದ್ದು ಬಾಗಿಲು ದಾಟುವಂತಿರಲಿಲ್ಲ. ಕೊನೆಗೆ ಗಲ್ಫಿನಿಂದ ಮರಳಿದ ಕಡಬದ ಸುಲೈಮಾನ್ ತನ್ನ ಹಳೆಯ ಸೈಕಲನ್ನು ಹೊರಗೆಳೆದ.

"ಗರಗರ ಸ್ವಲ್ಪ ಜಾಸ್ತಿ ಮಾರಾಯ್ರೆ. ಕಿಲೋಮೀಟರ್ ತೋರಿಸುವ ಮೀಟರೂ ಸತ್ತಿದೆ. ಐನೂರು ಕೊಡಿ, ಸಾಕು."

ಸರ್ವೋತ್ತಮ ಕಣ್ಣು ಮುಚ್ಚಿ ತುಳಿದ. ಕಾಫಿಬೀಜ ಪುಡಿಮಾಡಿದ ಹಾಗೆ ಮನೆಯಿಡೀ ಗರಗರ ಎಂದಿತು. ಚೌಕಾಸಿ ಮಾಡದೆ ಹಣ ಕೊಟ್ಟ.

ಎಷ್ಟು ತುಳಿದರೂ ಸೊನ್ನೆ ಬಿಟ್ಟು ಕದಲದ ಮುಳ್ಳು ತನ್ನನ್ನೇ ಹಂಗಿಸಿದಂತೆ ಕಂಡು, ಮೊದಲ ದಿನವೇ ಮೀಟರಿನ ಮೇಲೆ ಮೈ ಒರೆಸುವ ಹಳೆಯ ಬೈರಾಸು ಹೊದೆಸಿಬಿಟ್ಟ. ದಿನಾ ಸಂಜೆ ಆರರಿಂದ ಏಳರವರೆಗೆ ಬಾಗಿಲು ಹಾಕಿ ತುಳಿಯುತ್ತಿದ್ದ. ತಿಂಗಳೆರಡು ಕಳೆಯುವಷ್ಟರಲ್ಲಿ ಆ ಹೊತ್ತಿನಲ್ಲಿ ಮಾವ ಕೂಗುವುದನ್ನೇ ಬಿಟ್ಟರು. ಗರಗರ ಕೇಳಿಸಿದರೆ ಅಳಿಯ ಮನೆಯಲ್ಲಿದ್ದಾನೆ ಎಂದೇ ಲೆಕ್ಕ.

ಅಷ್ಟಾದ ಮೇಲೆ ಗುಜರಿ ಅಂಗಡಿಯಿಂದ ಹಳೆಯ ಗ್ರೈಂಡರಿನ ಮೋಟರು ಬಂತು. ಸೈಕಲಿನ ಬಿಗಿ ಸಡಿಲಿಸಿ, ಚಕ್ರಕ್ಕೂ ಮೋಟರಿಗೂ ಬೆಲ್ಟು ಹಾಕಿದರೆ ಅದರಷ್ಟಕ್ಕೇ ತಿರುಗುತ್ತಿತ್ತು.

ಭಾನುವಾರ ಸಂಜೆ ಸುಂದರನ ಸಂಸಾರ ಸಿನೆಮಾಕ್ಕೆ ಹೋಗುವುದು ವಾಡಿಕೆ. ಅಂಥದೊಂದು ಭಾನುವಾರ ಆರು ಗಂಟೆಗೆ ಸರ್ವೋತ್ತಮ ಮೋಟರಿನ ಸ್ವಿಚ್ ಹಾಕಿ, ಹಿಂದಿನ ಮೆಟ್ಟಿಲಿಳಿದು, ಹತ್ತು ನಿಮಿಷದಲ್ಲಿ ಬೊಳುವಾರು ತಲುಪಿದ. ಹಿಂಬಾಗಿಲ ಚಿಲಕ ಕಿತ್ತು ಕಪಾಟು ಒಡೆದ. ಕಾಗದದ ಜೊತೆಗೆ, ಹೊರಗಿನ ಕಳ್ಳನ ಕೆಲಸದ ಹಾಗೆ ಕಾಣಲಿ ಎಂದು, ವಾಚು ಮತ್ತು ಟ್ರಾನ್ಸಿಸ್ಟರನ್ನೂ ಎತ್ತಿಕೊಂಡು, ಅವೆರಡನ್ನು ದಾರಿಯ ಪಾಳುಬಾವಿಗೆ ಎಸೆದ. ಕಾಗದವನ್ನು ಅಲ್ಲೇ ಸುಟ್ಟ. ಬೂದಿಯನ್ನು ಕಾಲಿನಿಂದ ಉಜ್ಜುವಾಗ ಸಂತೋಷಕ್ಕೆ ಅಳುವೇ ಬಂತು. ಏಳಕ್ಕೆ ಐದು ನಿಮಿಷವಿರುವಾಗ ಮರಳಿ, ಮೋಟರನ್ನು ಟ್ರಂಕಿನೊಳಗಿಟ್ಟು, ಬೆವರು ಒರೆಸುತ್ತ ಸ್ನಾನಕ್ಕಿಳಿದ. ಮೋಟರನ್ನು ನಿಧಾನಕ್ಕೆ ಗುಜರಿಗೆ ಹಿಂತಿರುಗಿಸಿದರಾಯಿತು.

ಮರುದಿನ ಸುಂದರ ಸಬ್‌ಇನ್‌ಸ್ಪೆಕ್ಟರನ್ನು ಕರಕೊಂಡೇ ಬಂದ. ಕಾಗದ ಹೋಗಿದೆಯೆಂದ ಮೇಲೆ ಅವನ ಸಂಶಯ ಭಾವನ ಮೇಲಲ್ಲದೆ ಇನ್ನಾರ ಮೇಲೆ? ಆದರೆ ಉತ್ತರ ಬಂದದ್ದು ಮಾವನ ಮಂಚದಿಂದ.

"ಅವ ಅಲ್ಲ ಸಾರ್. ಆರರಿಂದ ಏಳರವರೆಗೆ ಮೇಲೆಯೇ ತುಳೀತಾ ಇದ್ದ. ನನ್ನ ಕಿವಿಗೆ ಮೋಸ ಮಾಡ್ಲಿಕ್ಕೆ ಯಾರಿಂದಲೂ ಆಗುದಿಲ್ಲ."

ಇಷ್ಟು ವರ್ಷ ತನ್ನನ್ನು ಕಾದ ಕಿವಿಯೇ ತನ್ನ ಪರ ಸಾಕ್ಷಿ ಹೇಳುತ್ತಿದೆ! ಸರ್ವೋತ್ತಮನಿಗೆ ಮಾವನ ಕಾಲು ಹಿಡಿಯಬೇಕೆನಿಸಿತು. ಇನ್‌ಸ್ಪೆಕ್ಟರು ಪುಸ್ತಕ ಮುಚ್ಚಿದ.

ಗಂಡನ ಮೇಲೆ ಅಪವಾದ ಬಂದದ್ದನ್ನು ತಡೆಯಲಾರದೆ ಪಂಕಜಾಕ್ಷಿ ಮಾತ್ರ ಒಳಗೋಡಿ, ಗೋಡೆಯ ಕ್ಯಾಲೆಂಡರ್ ಕಿತ್ತು ತಂದಳು. "ನೋಡಿ ಸಾರ್, ಹೋದ ತಿಂಗಳು ಇವರಿಗೆ ಹೇಳದೆ ಸೈಕಲ್ ಅಂಗಡಿಯ ಪೋಕರನಿಂದ ಮೀಟರ್ ರಿಪೇರಿ ಮಾಡ್ಸಿದ್ದೇನೆ. ಗೊತ್ತಾದ್ರೆ ದುಡ್ಡು ದಂಡ ಅಂತ ಬೈತಾರೆ. ಇವರು ಸ್ನಾನಕ್ಕೆ ಹೋದ ಮೇಲೆ ಬೈರಾಸು ಎತ್ತಿ ನೋಡಿ ಅವತ್ತಿನ ಕಿಲೋಮೀಟರ್ ದಿನಾ ಬರೀತೇನೆ, ಡಾಕ್ಟ್ರಿಗೆ ತೋರಿಸ್ಲಿಕ್ಕೆ." ಇನ್‌ಸ್ಪೆಕ್ಟರ ಬೆರಳು ಪೆನ್ಸಿಲಿನ ಅಂಕಿಗಳ ಮೇಲೆ ಸಾಗಿತು: ಹನ್ನೊಂದು, ಹನ್ನೆರಡು, ಹತ್ತು, ಹನ್ನೊಂದು. ಭಾನುವಾರದ ಮೇಲೆ ನಿಂತಿತು. "ನಿನ್ನೆ ಎಪ್ಪತ್ತೆಂಟು ಕಿಲೋಮೀಟರಾ?" "ಹೌದು ಸಾರ್," ಪಂಕಜಾಕ್ಷಿಯ ದನಿಯಲ್ಲಿ ಹೆಮ್ಮೆಯಿತ್ತು, "ನಿನ್ನೆ ಭಾರೀ ತುಳಿದಿದ್ದಾರೆ." ಇನ್‌ಸ್ಪೆಕ್ಟರು ಸರ್ವೋತ್ತಮನ ಡೊಳ್ಳು ಹೊಟ್ಟೆಯನ್ನೊಮ್ಮೆ ನೋಡಿ, ಉಪ್ಪರಿಗೆಯ ಮೆಟ್ಟಿಲು ಯಾವ ಕಡೆಯೆಂದು ಕೇಳಿದ.