ಟೋಪಿಯಿಂದ ಬಂದ ರೀವ್

ಟೋಪಿಯೊಳಗೆ ಕೈ ಹಾಕಿ ಜ್ಯೋತ್ಸ್ನಾ ಒಂದು ಚೀಟಿ ತೆಗೆದಳು. ನೈಟ್ ಬರಲಿ, ಕುದುರೆ ಏರಿದ ಯೋಧ ನೈಟ್ ಬರಲಿ ಎಂದು ಕಣ್ಣು ಮುಚ್ಚಿಕೊಂಡೇ ಬಿಡಿಸಿದಳು. ಕಣ್ಣು ತೆರೆದರೆ ಚೀಟಿಯಲ್ಲಿ ‘ರೀವ್’ ಎಂದಿತ್ತು.

“ಮಿಸ್, ಸ್ಪೆಲಿಂಗ್ ಮಿಸ್ಟೇಕ್ ಇದೆ ಇದ್ರಲ್ಲಿ,” ಎಂದಳು.

ಮಿಸ್ ಕೊವಾಲ್ಸ್ಕಿ ಚೀಟಿ ನೋಡಿ, ತಪ್ಪೇನೂ ಇಲ್ಲ, ಅದು ಹಳೆಯ ಕಾಲದ ಒಂದು ಹುದ್ದೆ, ಅರ್ಥ ಮನೆಯಲ್ಲಿ ಹುಡುಕಿಕೊಂಡು ಬಾ ಎಂದರು. ಶುಕ್ರವಾರ ಒಂಟಾರಿಯೊದ ವಿಟ್ಬಿ ಊರಿನ ಆ ಶಾಲೆಯಲ್ಲಿ ನಾಲ್ಕನೇ ಗ್ರೇಡಿನವರ ‘ಮಿಡೀವಲ್ ಡೇ’. ಜಿಮ್ಮನ್ನು ನೂರಾರು ವರ್ಷ ಹಿಂದಿನ ಇಂಗ್ಲೆಂಡಿನ ಹಳ್ಳಿಯ ಹಾಗೆ ಸಿಂಗರಿಸಿ, ಮನೆಯವರನ್ನೆಲ್ಲ ಕರೆದು ಊಟ ಬಡಿಸಬೇಕು. ಚೀಟಿಯಲ್ಲಿ ಬಂದ ಪಾತ್ರವೇ ಅವರವರದು. ಓವೆನ್ ರಾಜನಾಗಿದ್ದ. ಜ್ಯೋತ್ಸ್ನಾಳ ಜೀವದ ಗೆಳತಿ ಮಹಿಮಾಳಿಗೆ ಬಂದದ್ದು ‘ಸರ್ಫ್’, ಅಂದರೆ ಜಮೀನ್ದಾರನ ಹೊಲದಲ್ಲಿ ಬಿಟ್ಟಿ ದುಡಿಯುವ ಆಳು. ಕ್ಲಾಸಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆಳುಗಳೇ.

ರೀವ್ ಅಂದರೆ ರಾಜನ ಕುದುರೆಯ ಲದ್ದಿ ಬಾಚುವವನು ಇರಬೇಕು ಎಂದು ಓವೆನ್ ಸ್ಕೂಲ್ ಬಸ್ಸಿಗೆಲ್ಲ ಹೇಳಿಬಿಟ್ಟ. ಜ್ಯೋತ್ಸ್ನಾ ಮನೆ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ರೀವ್ ಎಂದರೆ ಹಳ್ಳಿಯ ಮುಖ್ಯಸ್ಥ. ಆಳುಗಳೆಲ್ಲ ಸರಿಯಾಗಿ ಕೆಲಸ ಮಾಡುತ್ತಾರೋ ಇಲ್ಲವೋ ಎಂದು ನೋಡಿಕೊಳ್ಳುವವನು. ಅವನೂ ಅವರಲ್ಲೇ ಒಬ್ಬ. ಎಷ್ಟೋ ಕಡೆ ಊರಿನವರೇ ಸೇರಿ ಅವನನ್ನು ಆರಿಸುತ್ತಿದ್ದರು. ‘ಶೈರ್’ ಎಂದರೆ ಒಂದು ಸೀಮೆ. ಇಡೀ ಸೀಮೆಗೆ ಅಧಿಕಾರಿಯಾದವನು ‘ಶೈರ್ ರೀವ್’. ಜನರ ಬಾಯಲ್ಲಿ ಸವೆದು ಸವೆದು ಅದೇ ‘ಶೆರಿಫ್’ ಆಯಿತು. ಒಂಟಾರಿಯೊದ ಊರುಗಳಲ್ಲೂ ಹಿಂದೆ ಮೇಯರ್ ಥರ ರೀವ್ ಇರುತ್ತಿದ್ದರಂತೆ.

ಶೆರಿಫ್ ಎಂದದ್ದೇ, ಸಿನಿಮಾದ ಪೊಲೀಸ್ ನೆನಪಾಗಿ ಜ್ಯೋತ್ಸ್ನಾಳ ಮುಖ ಅರಳಿತು.

ಅಜ್ಜ ದೇರಣ್ಣನಿಗೂ ಖುಷಿಯೋ ಖುಷಿ. ಉಡುಪಿ ಕಡೆಯಿಂದ ಬಂದು, ರೆಕ್ಸ್‌ಡೇಲಿನ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು ಅವರು. “ಇದು ನಮ್ಮ ಪಟೇಲರು ಅಲ್ವಾ ಮಾರಾಯ್ತಿ. ಅವರು ಬಂದ್ರು ಅಂದ್ರೆ ಸಾಕು, ಎತ್ತಿ ಕಟ್ಟಿದ ಮುಂಡು ಎಲ್ಲರದ್ದೂ ಸರ್ರಂತ ಕೆಳಗೆ ಬರ್ತಿತ್ತು.”

“ವೈ ಅಜ್ಜ? ಲೂಸ್ ಇತ್ತಾ?”

“ಲೂಸ್ ಅಲ್ಲ, ಮರ್ಯಾದೆ.”

ಅಜ್ಜ ಎದ್ದು ಪಟೇಲರ ನಡಿಗೆ ತೋರಿಸಿದರು. ಕಂಕುಳಲ್ಲಿ ಕೊಡೆ, ಹೊಟ್ಟೆ ಮುಂದೆ, ಗಲ್ಲ ಮೇಲೆ. ಜ್ಯೋತ್ಸ್ನಾ ಅದನ್ನು ಬೇಸ್‌ಮೆಂಟಿನಲ್ಲಿ ಮಲಗುವ ಹೊತ್ತಿನವರೆಗೂ ಪ್ರಾಕ್ಟೀಸ್ ಮಾಡಿದಳು.

ಶುಕ್ರವಾರ ಬೆಳಿಗ್ಗೆ ಶೆರಿಫ್ ಕತೆ ಹೇಳಿ ಓವೆನ್‌ನ ಬಾಯಿ ಮುಚ್ಚಿಸಿದಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕೊಡೆ ಕಂಕುಳಲ್ಲಿಟ್ಟುಕೊಂಡು ಜಿಮ್ ತುಂಬ ಓಡಾಡಿದಳು. ಕ್ಯಾರೆಟ್ ದಪ್ಪ ಆಯಿತು, ಇನ್ನೂ ತೆಳ್ಳಗೆ ಹೆಚ್ಚಿ ಎಂದಳು. ಬೆಂಚನ್ನು ಗೋಡೆಗೆ ಹಾಕಿಸಿ, ನಡುವೆ ತರಿಸಿ, ಮತ್ತೆ ಗೋಡೆಗೇ ಹಾಕಿಸಿದಳು. ಒಬ್ಬ ಆಳು ವಾಶ್‌ರೂಮಿಗೆ ಹೋಗಬೇಕು ಎಂದರೆ, ಸುಗ್ಗಿ ಮುಗಿಯಲಿ ಎಂದಳು. ಮಿಸ್ ಕೊವಾಲ್ಸ್ಕಿ ಅವನನ್ನು ಮೆಲ್ಲಗೆ ಹೊರಗೆ ಕಳಿಸಿದರು.

ರೊಟ್ಟಿ ಇಡುವ ಜಾಗ ತೋರಿಸಲು ಜ್ಯೋತ್ಸ್ನಾ ಕೊಡೆ ಚಾಚಿದಳು. ಬಟನ್ ಒತ್ತಿಹೋಯಿತು. ಕೊಡೆ ಫಟ್ಟನೆ ಬಿಚ್ಚಿಕೊಂಡು, ರಟ್ಟಿನ ಕೋಟೆಯ ಗೋಪುರವನ್ನು ಸೂಪಿನ ಬಟ್ಟಲುಗಳ ಮೇಲೆ ಬೀಳಿಸಿತು. ಪುಣ್ಯಕ್ಕೆ ಬಟ್ಟಲುಗಳು ಖಾಲಿ ಇದ್ದವು.

ಎಲ್ಲರೂ ಅವಳನ್ನೇ ನೋಡಿದರು. ಜ್ಯೋತ್ಸ್ನಾ ಗಲ್ಲ ಮೇಲೆತ್ತಿ, “ಮಹಿಮಾ, ಫಿಕ್ಸ್ ಇಟ್,” ಎಂದಳು.

ಮಹಿಮಾ ಧಾರವಾಡದಿಂದ ಬಂದು ಎರಡು ವರ್ಷವಾಗಿತ್ತು. ಶಾಲೆಯಲ್ಲಿ ಇಂಗ್ಲಿಷನ್ನೇ ಆಡುತ್ತಿದ್ದಳು. ಸಿಟ್ಟು ಬಂದಾಗ ಮಾತ್ರ ಕನ್ನಡ.

“ನಾ ಒಲ್ಲೆ,” ಎಂದು ನೆಲದ ಮೇಲೆ ಕುಳಿತುಬಿಟ್ಟಳು.

ಹಾಗೆಂದರೇನು ಎಂದು ಪಕ್ಕದ ಹುಡುಗಿ ಕೇಳಿದಳು. ನಾನು ಮಾಡುವುದಿಲ್ಲ ಎಂದು ಅರ್ಥ ಎಂದಳು ಮಹಿಮಾ. ಆ ಹುಡುಗಿಗೆ ಅದು ಬಹಳ ಇಷ್ಟವಾಯಿತು. ಅವಳೂ “ನಾ ವಲ್ಲೇ” ಎಂದು ಕುಳಿತಳು. ಒಬ್ಬೊಬ್ಬರಾಗಿ ಆಳುಗಳೆಲ್ಲ ಕುಳಿತು, ತಾಳ ಹಾಕಿ ನಾ ವಲ್ಲೇ, ನಾ ವಲ್ಲೇ ಎನ್ನತೊಡಗಿದರು. ರಾಜ ಓವೆನ್ ಕೂಡ ಸಿಂಹಾಸನದಿಂದಲೇ ಸೇರಿಕೊಂಡ. ಅಷ್ಟರಲ್ಲಿ ಬಾಗಿಲಿನಲ್ಲಿ ಮನೆಯವರೆಲ್ಲ ಬಂದು ನಿಂತಿದ್ದರು. ಅಜ್ಜನೂ ಇದ್ದರು.

ಮಹಿಮಾ ತಲೆ ಎತ್ತಿ ಕೇಳಿದಳು. “ನಿನ್ನ ರೀವ್ ಮಾಡಿದ್ದು ಯಾರು?”

“ಟೋಪಿ.”

“ಆ ಕಾಲದಾಗೂ ಟೋಪಿನೇ ಮಾಡತಿತ್ತೇನು?”

ಮಿಸ್ ಕೊವಾಲ್ಸ್ಕಿ ಬಾಗಿಲಲ್ಲಿ ಬಂದವರನ್ನು ಮಾತಾಡಿಸುತ್ತಿದ್ದರು. ಮಕ್ಕಳಲ್ಲಿ ಉತ್ತರ ಗೊತ್ತಿದ್ದದ್ದು ಜ್ಯೋತ್ಸ್ನಾಳೊಬ್ಬಳಿಗೇ. ಹೂಂ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಜ್ಯೋತ್ಸ್ನಾ ಕೊಡೆ ಮಡಚಿದಳು.

“ನೋ,” ಎಂದಳು ಮೆಲ್ಲಗೆ. “ಊರಿನವ್ರೇ ಚೂಸ್ ಮಾಡ್ತಿದ್ರು.”

ಮಹಿಮಾ ಅದನ್ನು ಎಲ್ಲರಿಗೂ ಇಂಗ್ಲಿಷಿನಲ್ಲಿ ಹೇಳಿದಳು. ತಕ್ಷಣ ವೋಟ್ ಆಗಲಿ ಎಂದು ರಾಜನ ಅಪ್ಪಣೆಯಾಯಿತು. ಮಹಿಮಾ ರೀವ್ ಆಗಲಿ ಎಂದು ಕೈಗಳ ಕಾಡೇ ಎದ್ದಿತು. ಜ್ಯೋತ್ಸ್ನಾಳೇ ಇರಲಿ ಎನ್ನುವವರು ಯಾರು ಎಂದಾಗ ಹಿಂದಿನಿಂದ ಒಂದೇ ಒಂದು ಕೈ ಎದ್ದಿತು. ಅದು ಅಜ್ಜನದು. ನೀವು ಈ ಹಳ್ಳಿಯವರಲ್ಲ ಸರ್ ಎಂದು ಓವೆನ್ ವಿನಯದಿಂದ ತಿಳಿಸಿದ. ಹೌದಲ್ಲ ಎಂದು ಅಜ್ಜ ಕೈ ಇಳಿಸಿದರು.

ಜ್ಯೋತ್ಸ್ನಾ ಕೊಡೆಯನ್ನು ಮಹಿಮಾಳ ಕೈಗಿತ್ತಳು. ಮಹಿಮಾ ಅದನ್ನು ಮೂಲೆಗಿಟ್ಟು, ಬಿದ್ದ ಗೋಪುರದ ಒಂದು ತುದಿಯನ್ನು ತಾನೇ ಹಿಡಿದಳು. ಇನ್ನೊಂದು ತುದಿಯತ್ತ ಕಣ್ಣಿನಲ್ಲೇ ತೋರಿಸಿದಳು. ಜ್ಯೋತ್ಸ್ನಾ ಹೋಗಿ ಹಿಡಿದಳು. ಟೇಪ್ ಸುತ್ತಿದ ಮೇಲೂ ಗೋಪುರ ಸ್ವಲ್ಪ ವಾಲಿಯೇ ನಿಂತಿತು.

ಊಟ ಶುರುವಾಯಿತು. ಆಳು ಜ್ಯೋತ್ಸ್ನಾ ಸೂಪ್ ಬಡಿಸಿದಳು, ಬಟ್ಟಲು ಎತ್ತಿದಳು, ರಾಜ ಚೆಲ್ಲಿದ ಆಪಲ್ ಜ್ಯೂಸ್ ಒರೆಸಿದಳು. ಕಾಲು ಸೋತು ಬೆಂಚಿನ ತುದಿಯಲ್ಲಿ ಕುಳಿತಾಗ ಮಹಿಮಾ ಒಂದು ಬಟ್ಟಲು ಸೂಪ್ ಹಿಡಿದು ಬಂದಳು.

“ನೀ ತಿಂದೀಯೇನ?” ಎಂದಳು, ಈ ಸಲ ಸಿಟ್ಟಿಲ್ಲದೆಯೇ ಕನ್ನಡದಲ್ಲಿ.

ಜ್ಯೋತ್ಸ್ನಾ ಇನ್ನೂ ಇಲ್ಲವೆಂದು ತಲೆಯಾಡಿಸಿದಳು. ಬೆಳಗಿನಿಂದ ತಾನು ಯಾರನ್ನಾದರೂ ಹೀಗೆ ಕೇಳಿದ್ದೆನೇ ಎಂದು ಯೋಚಿಸಿದಳು. ಯಾರ ಮುಖವೂ ನೆನಪಿಗೆ ಬರಲಿಲ್ಲ. ಬಟ್ಟಲು ತೆಗೆದುಕೊಂಡು, ಸ್ವಲ್ಪ ಸರಿದು ಜಾಗ ಮಾಡಿದಳು.

“ನೀನು?” ಎಂದು ಕೇಳಿದಳು.